ಕೆಲಸ ಹುಡುಕುವ ದಿನಗಳಲ್ಲಿ ಮನಸ್ಸು ಕುಸಿಯುವುದೇಕೆ, ಅದಕ್ಕೆ ಏನು ಮಾಡಬಹುದು

ಮಾರತ್ತಹಳ್ಳಿಯ ಪಿಜಿಯ ಆ ರೂಮಿನಲ್ಲಿ ನಾವು ಮೂವರಿದ್ದೆವು. ಬೆಳಿಗ್ಗೆ ಎಂಟಕ್ಕೆಲ್ಲ ಉಳಿದಿಬ್ಬರು ಶೂ ಹಾಕಿಕೊಂಡು, ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡು ಹೊರಡುತ್ತಿದ್ದರು. ನನಗೆ ಎಚ್ಚರವಾಗಿದ್ದರೂ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಬಾಗಿಲು ಹಾಕಿಕೊಂಡ ಸದ್ದು ಕೇಳಿದ ಮೇಲೆ ಏಳುವುದು. ಅಷ್ಟೊತ್ತಿಗೆ ಕೆಳಗೆ ತಿಂಡಿ ಪಾತ್ರೆಗಳನ್ನು ತೊಳೆದಿಟ್ಟಿರುತ್ತಿದ್ದರು. ಲ್ಯಾಪ್‌ಟಾಪ್ ತೆರೆದು ನೌಕ್ರಿ ನೋಡುವುದು, ಲಿಂಕ್ಡ್‌ಇನ್ ನೋಡುವುದು, ಮೇಲ್ ನೋಡುವುದು, ಮತ್ತೆ ನೌಕ್ರಿ. ನೋಡನೋಡುತ್ತ ಮಧ್ಯಾಹ್ನ ಮೂರಾಗಿರುತ್ತಿತ್ತು. ಇಡೀ ದಿನ ಬಿಡುವಿದ್ದರೂ ಒಂದು ರೆಸ್ಯೂಮೆ ಸರಿಯಾಗಿ ತಿದ್ದಿ ಕಳಿಸಲು ಆಗುತ್ತಿರಲಿಲ್ಲ. ಒಂದೊಂದು ದಿನ ಸ್ನಾನವೂ ಸಂಜೆಗೆ ಹೋಗುತ್ತಿತ್ತು. ಹನ್ನೊಂದು ತಿಂಗಳು ಹೀಗೆ ಕಳೆದೆ. ನಾನು ಸೋಮಾರಿಯಾಗಿಬಿಟ್ಟೆ ಅಂತ ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ.

ಆ ತೀರ್ಪು ತಪ್ಪು ಎಂದು ಗೊತ್ತಾದದ್ದು ಬಹಳ ತಡವಾಗಿ, ಆಸ್ಟ್ರಿಯಾ ದೇಶದ ಒಂದು ಊರಿನ ಬಗ್ಗೆ ಓದಿದಾಗ.

ವಿಯೆನ್ನಾ ಹತ್ತಿರದ ಮಾರಿಯೆಂಟಾಲ್ ಎಂಬ ಆ ಊರು ಒಂದು ಬಟ್ಟೆ ಗಿರಣಿಯನ್ನು ನಂಬಿಕೊಂಡು ಬದುಕಿತ್ತು. ಆರ್ಥಿಕ ಕುಸಿತದ ಹೊಡೆತಕ್ಕೆ 1930ರ ಹೊತ್ತಿಗೆ ಗಿರಣಿ ಮುಚ್ಚಿತು. ಊರಿನ ಬಹುಪಾಲು ಮನೆಗಳಿಗೆ ಸರ್ಕಾರದ ನಿರುದ್ಯೋಗ ಭತ್ಯೆಯೇ ಗತಿಯಾಯಿತು. ಮರುವರ್ಷ ಮಾರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಎಂಬ ಯುವ ಸಂಶೋಧಕರ ತಂಡ ಆ ಊರಿಗೆ ಹೋಯಿತು. ಜನರ ಕೈಯಲ್ಲಿ ಈಗ ಬೇಕಾದಷ್ಟು ಸಮಯವಿದೆ, ಹಾಗಾದರೆ ಓದುತ್ತಾರೆ, ಸಭೆ ಸೇರುತ್ತಾರೆ, ಊರಿನ ಕೆಲಸಕ್ಕೆ ಕೈಹಾಕುತ್ತಾರೆ ಎಂದು ಯಾರಾದರೂ ಅಂದುಕೊಳ್ಳಬಹುದು. ಅಲ್ಲಿ ಕಂಡದ್ದೇ ಬೇರೆ. ಊರಿನ ಗ್ರಂಥಾಲಯದಲ್ಲಿ ಪುಸ್ತಕಕ್ಕೆ ತೆಗೆದುಕೊಳ್ಳುತ್ತಿದ್ದ ಚಿಲ್ಲರೆ ಶುಲ್ಕವನ್ನೂ ತೆಗೆದುಹಾಕಿದ್ದರು, ಆದರೂ ಎರಡು ವರ್ಷದಲ್ಲಿ ಪುಸ್ತಕ ಒಯ್ಯುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಸಂಶೋಧಕರು ಒಂದು ಕಿಟಕಿಯ ಮರೆಯಲ್ಲಿ ಕೂತು, ಗಡಿಯಾರ ಹಿಡಿದು, ಮುಖ್ಯ ಬೀದಿಯಲ್ಲಿ ಜನ ಎಷ್ಟು ವೇಗವಾಗಿ ನಡೆಯುತ್ತಾರೆ ಎಂದು ಲೆಕ್ಕ ಹಾಕಿದರು. ಗಂಡಸರು ನಿಧಾನವಾಗಿ ಕಾಲೆಳೆಯುತ್ತ, ನಡುನಡುವೆ ನಿಲ್ಲುತ್ತ ಹೋಗುತ್ತಿದ್ದರು. ಹೆಂಗಸರ ನಡಿಗೆ ಅವರಿಗಿಂತ ಸುಮಾರು ಒಂದೂವರೆ ಪಟ್ಟು ಚುರುಕಾಗಿತ್ತು. ಒಲೆ, ಬಟ್ಟೆ, ಮಕ್ಕಳು ಅವರ ದಿನವನ್ನು ಗಂಟೆ ಗಂಟೆಗೆ ಹಿಡಿದಿಟ್ಟಿದ್ದವು. ನಿನ್ನೆ ಯಾವ ಹೊತ್ತಿನಲ್ಲಿ ಏನು ಮಾಡಿದಿರಿ ಎಂದು ಗಂಡಸರಿಗೆ ಬರೆಯಲು ಕೊಟ್ಟಾಗ, ಒಬ್ಬಾತ ಬೆಳಗಿನ ಹತ್ತರಿಂದ ಹನ್ನೊಂದರ ಜಾಗದಲ್ಲಿ ಬರೆದದ್ದು ಇಷ್ಟೇ: ಅಷ್ಟರಲ್ಲಿ ಮಧ್ಯಾಹ್ನವಾಗುತ್ತದೆ.

ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಅದು ನನ್ನದೇ ದಿನಚರಿ.

ಯಹೋಡಾ ಮುಂದೆ ದಶಕಗಳ ಕಾಲ ಇದೇ ವಿಷಯದ ಬೆನ್ನು ಹತ್ತಿದರು. ಅವರ ವಿವರಣೆ ಕೇಳಲು ಸರಳ, ಆದರೆ ಒಮ್ಮೆ ಅರ್ಥವಾದರೆ ಕಣ್ಣು ತೆರೆಸುತ್ತದೆ. ಉದ್ಯೋಗ ನಮಗೆ ಸಂಬಳ ಕೊಡುತ್ತದೆ, ಅದು ಎಲ್ಲರಿಗೂ ಕಾಣುತ್ತದೆ. ಅದರ ಜೊತೆಗೆ ಯಾರೂ ಲೆಕ್ಕಕ್ಕೆ ಹಿಡಿಯದ ಐದು ಸಂಗತಿಗಳನ್ನು ಕೊಡುತ್ತದೆ. ದಿನಕ್ಕೊಂದು ಕಟ್ಟು, ಅಂದರೆ ಇಷ್ಟು ಹೊತ್ತಿಗೆ ಏಳಬೇಕು, ಇಷ್ಟು ಹೊತ್ತಿಗೆ ಬಸ್ ಹಿಡಿಯಬೇಕು ಎಂಬುದು. ಮನೆಯವರನ್ನು ಬಿಟ್ಟು ಬೇರೆ ಜನರ ಒಡನಾಟ. ನಾನೊಬ್ಬನೇ ಮಾಡಲಾಗದ ದೊಡ್ಡ ಕೆಲಸವೊಂದರಲ್ಲಿ ನನ್ನ ಪಾಲೂ ಇದೆ ಎಂಬ ಭಾವ. 'ಏನು ಮಾಡಿಕೊಂಡಿದ್ದೀರಿ' ಎಂದು ಯಾರಾದರೂ ಕೇಳಿದರೆ ಹೇಳಲು ಒಂದು ಉತ್ತರ. ಮನಸ್ಸಿದ್ದರೂ ಇಲ್ಲದಿದ್ದರೂ ಕೈಕಾಲು ಆಡಿಸಲೇಬೇಕಾದ ಅನಿವಾರ್ಯತೆ. ಕೆಲಸ ಹೋದ ದಿನ ಸಂಬಳದ ಜೊತೆ ಈ ಐದೂ ಒಟ್ಟಿಗೇ ಹೋಗುತ್ತವೆ. ಉಳಿತಾಯ ಇದ್ದವರೂ, ಅಪ್ಪ ಅಮ್ಮ ದುಡ್ಡು ಕಳಿಸುತ್ತಿರುವವರೂ ಒಳಗೊಳಗೇ ಕುಸಿಯುವುದು ಇದಕ್ಕೇ. ಓದು ಮುಗಿಸಿದ ಹೊಸಬರಿಗೂ ಇದೇ ಅನ್ವಯಿಸುತ್ತದೆ. ಕಾಲೇಜು ಈ ಐದನ್ನೂ ಕೊಟ್ಟಿತ್ತು, ಕೊನೆಯ ಪರೀಕ್ಷೆಯ ಮರುದಿನ ಎಲ್ಲವನ್ನೂ ಹಿಂದಕ್ಕೆ ಪಡೆಯಿತು.

ಧಾರವಾಡದ ಸಪ್ತಾಪುರಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ನೋಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬೆಳಿಗ್ಗೆಯೇ ರೀಡಿಂಗ್ ರೂಮಿನಲ್ಲಿ ಜಾಗ ಹಿಡಿದಿರುತ್ತಾರೆ. ಹನ್ನೊಂದಕ್ಕೆ ಚಹಾ, ಗೆಳೆಯರ ಜೊತೆ ಪ್ರಚಲಿತ ವಿದ್ಯಮಾನದ ಚರ್ಚೆ, ಮತ್ತೆ ಓದು. ವರ್ಷಗಟ್ಟಲೆ ಅವರು ನಿಭಾಯಿಸುವುದು ನೋಡಿ ನಾನು ಬೆರಗಾಗುತ್ತಿದ್ದೆ. ಐದರಲ್ಲಿ ಎರಡನ್ನು, ದಿನದ ಕಟ್ಟು ಮತ್ತು ಒಡನಾಟವನ್ನು, ಅವರು ತಾವೇ ಕಟ್ಟಿಕೊಂಡಿದ್ದಾರೆ ಎಂದು ಈಗ ಅನಿಸುತ್ತದೆ. ಅವರನ್ನು ಮುರಿಯುವುದು ಬೇರೆಯದು: ಯಾವಾಗ ಮುಗಿಯುತ್ತದೆ ಎಂಬುದೇ ಗೊತ್ತಿಲ್ಲದ ಕಾಯುವಿಕೆ. 545 ಪಿಎಸ್‌ಐ ಹುದ್ದೆಗಳ ನೇಮಕಾತಿಯನ್ನೇ ತೆಗೆದುಕೊಳ್ಳಿ. ಲಿಖಿತ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್‌ನಲ್ಲಿ. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಪಾಸಾಗಿದ್ದವರು ಆ ಎರಡು ಚಿಲ್ಲರೆ ವರ್ಷ ಹೇಗೆ ಕಳೆದರು ಎಂಬುದು ಯಾವ ಅಧಿಸೂಚನೆಯಲ್ಲೂ ಬರುವುದಿಲ್ಲ.

ಕಾಯುವುದು ಯಾಕೆ ಇಷ್ಟು ಹಿಂಸೆ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2016ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. 45 ಜನರಿಗೆ ಕಂಪ್ಯೂಟರ್‌ನಲ್ಲಿ ಒಂದು ಆಟ ಕೊಟ್ಟರು. ಕಲ್ಲಿನ ಕೆಳಗೆ ಹಾವು ಇದೆಯೋ ಇಲ್ಲವೋ ಊಹಿಸಬೇಕು, ಹಾವು ಇದ್ದರೆ ಕೈಗೆ ನೋವಾಗುವಂತೆ ಸಣ್ಣ ಶಾಕ್. ಅಂಗೈ ಎಷ್ಟು ಬೆವರುತ್ತದೆ, ಕಣ್ಣಿನ ಪಾಪೆ ಎಷ್ಟು ಹಿಗ್ಗುತ್ತದೆ ಎಂದು ಅಳೆಯುತ್ತ ಹೋದರು. ಶಾಕ್ ಖಂಡಿತ ಬೀಳುತ್ತದೆ ಎಂದು ಗೊತ್ತಿದ್ದಾಗ ಆಗುವುದಕ್ಕಿಂತ ಹೆಚ್ಚಿನ ಒತ್ತಡ, ಬೀಳಬಹುದು ಬೀಳದೆಯೂ ಇರಬಹುದು ಎಂಬ ಅರ್ಧಕ್ಕರ್ಧ ಸ್ಥಿತಿಯಲ್ಲಿ ಕಂಡುಬಂತು. ಕೆಟ್ಟ ಸುದ್ದಿಗಿಂತ ಸುದ್ದಿಯೇ ಇಲ್ಲದಿರುವುದು ಮೈಯನ್ನು ಹೆಚ್ಚು ಸುಡುತ್ತದೆ ಎಂದರ್ಥ. ಮೂರು ರೌಂಡ್ ಇಂಟರ್‌ವ್ಯೂ ಮುಗಿಸಿ 'ವಿ ವಿಲ್ ಗೆಟ್ ಬ್ಯಾಕ್ ಟು ಯು' ಎಂದು ಕೇಳಿಸಿಕೊಂಡು ಬಂದವರು ಐದು ನಿಮಿಷಕ್ಕೊಮ್ಮೆ ಮೇಲ್ ನೋಡುತ್ತಾರಲ್ಲ, ಅದು ಹುಚ್ಚಲ್ಲ, ಮಿದುಳು ತನ್ನ ಕೆಲಸ ಮಾಡುತ್ತಿದೆ.

ಕಂಪನಿಯವರ ಮೌನವನ್ನು ನಾವು ಬದಲಿಸಲು ಆಗುವುದಿಲ್ಲ. ಅದಕ್ಕೆ ಕೊನೆ ದಿನಾಂಕವನ್ನಂತೂ ನಾವೇ ಬರೆಯಬಹುದು. ನನ್ನ ಕಷ್ಟದ ದಿನಗಳ ಕೊನೆಗೆ ನಾನು ಕಲಿತ, ಈಗ ಸಿಕ್ಕವರಿಗೆಲ್ಲ ಹೇಳುವ ಉಪಾಯ ಇದು. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಒಂದೊಂದು ಅರ್ಜಿಗೆ ಒಂದೊಂದು ಸಾಲು: ಕಂಪನಿ, ಹುದ್ದೆ, ಕಳಿಸಿದ ದಿನ, ಮತ್ತೆ ವಿಚಾರಿಸುವ ದಿನ, ಮುಕ್ತಾಯದ ದಿನ. ಕಳಿಸಿ ಹತ್ತು ದಿನಕ್ಕೆ ಒಂದೇ ಒಂದು ಸಲ ಮೇಲ್ ಹಾಕಿ ವಿಚಾರಿಸುವುದು. ಇಪ್ಪತ್ತೊಂದನೇ ದಿನಕ್ಕೂ ಉತ್ತರ ಬರದಿದ್ದರೆ ಆ ಸಾಲಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆಯುವುದು. ಆಮೇಲೆ ಕರೆ ಬಂದರೆ ಸಂತೋಷ, ಹೋಗಬಹುದು. ಆದರೆ ನನ್ನ ಲೆಕ್ಕದಲ್ಲಿ ಅದು ಮುಗಿಯಿತು. ಮೊದಲ ದಿನ ಹಳೆಯದನ್ನೆಲ್ಲ ನೆನಪಿಸಿಕೊಂಡು ಬರೆದು ಒಂದೇ ಸಲಕ್ಕೆ ಮೂವತ್ತೊಂದು ಗೆರೆ ಎಳೆದೆ. ದುಃಖವಾಗುತ್ತದೆ ಅಂದುಕೊಂಡಿದ್ದೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಅದೇ ಪುಸ್ತಕದ ಹಿಂಬದಿಯಲ್ಲಿ ಇನ್ನೊಂದು ಲೆಕ್ಕ ಇಟ್ಟೆ. ಎಷ್ಟು ಕರೆ ಬಂತು ಎಂಬುದು ನನ್ನ ಕೈಯಲ್ಲಿಲ್ಲ. ಇವತ್ತು ಎರಡು ಅರ್ಜಿ ತಿದ್ದಿ ಕಳಿಸಿದೆನೇ, ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿದೆನೇ, ಒಂದು ಗಂಟೆ ಓದಿದೆನೇ ಎಂಬುದು ನನ್ನ ಕೈಯಲ್ಲಿದೆ. ದಿನ ಚೆನ್ನಾಗಿ ಹೋಯಿತೋ ಇಲ್ಲವೋ ಎಂದು ತೀರ್ಮಾನಿಸುವುದು ಈ ಎರಡನೇ ಲೆಕ್ಕದಿಂದ ಮಾತ್ರ. ಹುಡುಕಾಟಕ್ಕೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ, ಮೇಲ್ ನೋಡುವುದು ಮಧ್ಯಾಹ್ನ ಹನ್ನೆರಡಕ್ಕೆ ಮತ್ತು ಸಂಜೆ ಐದಕ್ಕೆ. ರಾತ್ರಿ ಹಾಸಿಗೆಯಲ್ಲಿ ಜಾಬ್ ಆ್ಯಪ್ ತೆರೆಯುವಂತಿಲ್ಲ. ಎಂಟು ಗಂಟೆ ಹುಡುಕಿದರೆ ಬೇಗ ಸಿಗುತ್ತದೆ ಎಂದು ಅನಿಸುವುದು ಸಹಜ. ನನ್ನ ಅನುಭವದಲ್ಲಿ ನಾಲ್ಕನೇ ಗಂಟೆಯ ನಂತರ ಕಳಿಸಿದ ಅರ್ಜಿಗಳು ಬರೀ ಗುಂಡಿ ಒತ್ತಿದ್ದೇ ಹೊರತು ಅರ್ಜಿಗಳಲ್ಲ.

'ಮೊದಲು ಮನಸ್ಸು ಸರಿಹೋಗಲಿ, ಆಮೇಲೆ ಏಳ್ತೀನಿ' ಎಂದು ಕಾಯುವವರಿಗೆ ಒಂದು ಮಾತು. ಅದು ಸಾಮಾನ್ಯವಾಗಿ ಉಲ್ಟಾ ನಡೆಯುತ್ತದೆ. ಖಿನ್ನತೆಯ ಚಿಕಿತ್ಸೆಯಲ್ಲಿ ಒಂದು ಪದ್ಧತಿಯೇ ಇದೆ: ಬೇಸರವಿದ್ದರೂ ಮೊದಲೇ ಗೊತ್ತುಮಾಡಿಕೊಂಡ ಸಣ್ಣ ಸಣ್ಣ ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಮಾಡುತ್ತ ಹೋಗುವುದು, ಅದರ ಹಿಂದೆ ಮನಸ್ಸು ಮೆಲ್ಲಗೆ ಬರುತ್ತದೆ. ನಮ್ಮ ಪಕ್ಕದ ಗೋವಾದಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುತ್ತಿದ್ದ, ತೀವ್ರ ಖಿನ್ನತೆಯಿದ್ದವರಿಗೆ ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರೇ ಈ ರೀತಿಯ ಆಪ್ತಸಮಾಲೋಚನೆ ಕೊಟ್ಟರು. ಆರೆಂಟು ಭೇಟಿಗಳಷ್ಟೇ. ಬರೀ ಮಾಮೂಲಿ ಆರೈಕೆ ಪಡೆದವರಿಗಿಂತ ಇವರು ಹೆಚ್ಚು ಸುಧಾರಿಸಿದರು. ಆ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಆದ್ದರಿಂದ ಎಂಟು ಗಂಟೆಗೆ ರೂಮ್‌ಮೇಟ್ ಏಳುವಾಗ ನೀವೂ ಎದ್ದುಬಿಡಿ. ಅವರ ಜೊತೆ ತಿಂಡಿಗೆ ಇಳಿಯಿರಿ, ಬಸ್ ಸ್ಟಾಪಿನವರೆಗೆ ನಡೆದು ವಾಪಸ್ ಬನ್ನಿ. ಏಳುವ ಹೊತ್ತು ಒಂದನ್ನು ಸರಿಯಾಗಿಟ್ಟುಕೊಂಡರೆ ರಾತ್ರಿಯ ನಿದ್ದೆ ಬಹುಮಟ್ಟಿಗೆ ತಾನೇ ಹಾದಿಗೆ ಬರುತ್ತದೆ.

ಈಗ ನಿರಾಕರಣೆಯ ವಿಷಯ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಕೆಲಸ ಕಳೆದುಕೊಂಡವರಿಗೆಂದು ಒಂದು ಕಿರು ಶಿಬಿರ ರೂಪಿಸಿದ್ದರು. ಕೆಲಸ ಹುಡುಕುವ ಕಸುಬನ್ನು ಕಲಿಸುವುದರ ಜೊತೆಗೆ ಅದರಲ್ಲಿ ಇನ್ನೊಂದು ಪಾಠವಿತ್ತು, ಲಸಿಕೆ ಹಾಕಿದ ಹಾಗೆ. ನಿಮಗೆ ಸೋಲಾಗುತ್ತದೆ, ಇಂತಿಂಥ ಕಡೆ ಆಗುತ್ತದೆ, ಆದಾಗ ಮೊದಲ ಒಂದು ಗಂಟೆ ಏನು ಮಾಡುತ್ತೀರಿ, ಈಗಲೇ ಬರೆದಿಡಿ ಎಂದು ಕೂರಿಸಿ ಮಾಡಿಸುತ್ತಿದ್ದರು. ಶಿಬಿರಕ್ಕೆ ಬಂದವರಿಗೆ ಬೇಗ ಮತ್ತು ಉತ್ತಮ ಕೆಲಸ ಸಿಕ್ಕಿತು, ಅವರಲ್ಲಿ ಖಿನ್ನತೆಯ ಲಕ್ಷಣಗಳೂ ಕಡಿಮೆಯಿದ್ದವು. ಫಿನ್‌ಲೆಂಡಿನವರು ಆ ಮಾದರಿಯನ್ನು ತಮ್ಮ ದೇಶಕ್ಕೂ ಒಯ್ದರು. ನಾವು ಮಾಡುವುದು ಇದಕ್ಕೆ ವಿರುದ್ಧ. 'ಕೆಟ್ಟದ್ದು ಬಾಯಲ್ಲಿ ಯಾಕೆ ಆಡ್ತೀಯ' ಎಂದು ಹಿರಿಯರು ತಡೆಯುತ್ತಾರೆ, ನಾವೂ ಸುಮ್ಮನಾಗುತ್ತೇವೆ. ಆಮೇಲೆ ರಿಜೆಕ್ಟ್ ಮೇಲ್ ಬಂದಾಗ ಅದು ಸಿಡಿಲಿನ ಹಾಗೆ ಎರಗುತ್ತದೆ. ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಮೇಲ್ ಬಂದರೆ ಲ್ಯಾಪ್‌ಟಾಪ್ ಮುಚ್ಚುತ್ತೇನೆ, ಇಂಥ ಗೆಳೆಯನಿಗೆ ಫೋನ್ ಮಾಡುತ್ತೇನೆ, ಒಂದು ಸುತ್ತು ಹೊರಗೆ ಹೋಗಿ ಬರುತ್ತೇನೆ, ಇವತ್ತು ಇನ್ನು ಅರ್ಜಿ ಹಾಕುವುದಿಲ್ಲ.

ಕೆಲಸದಿಂದ ತೆಗೆದುಹಾಕಲ್ಪಟ್ಟವರ ಸಂಕಟ ಇದಕ್ಕಿಂತ ಒಂದು ತೂಕ ಹೆಚ್ಚು, ಯಾಕೆಂದರೆ ಅದರಲ್ಲಿ ಅವಮಾನ ಮತ್ತು ಸಿಟ್ಟು ಎರಡೂ ಕಲೆತಿರುತ್ತವೆ. ಹತ್ತು ವರ್ಷ ದುಡಿದ ಕಡೆ ಹತ್ತು ನಿಮಿಷದ ಮೀಟಿಂಗ್‌ನಲ್ಲಿ ಹೊರಗೆ ಹಾಕಿದರೆ ಯಾರಿಗೆ ತಾನೆ ಉರಿಯುವುದಿಲ್ಲ? 1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಣ್ಣ ಅಧ್ಯಯನದಲ್ಲಿ, ಕೆಲಸ ಕಳೆದುಕೊಂಡ 63 ಮಂದಿಯಲ್ಲಿ ಒಂದು ಗುಂಪಿಗೆ ಐದು ದಿನ, ದಿನಕ್ಕೆ ಇಪ್ಪತ್ತು ನಿಮಿಷ, ಕೆಲಸ ಹೋದ ನೋವನ್ನು ಮುಚ್ಚುಮರೆಯಿಲ್ಲದೆ ಬರೆಯಲು ಹೇಳಿದರು. ಉಳಿದವರಿಗಿಂತ ಈ ಗುಂಪಿನವರಿಗೆ ಬೇಗ ಕೆಲಸ ಸಿಕ್ಕಿತು. ಇವರು ಹೆಚ್ಚು ಅರ್ಜಿಗಳನ್ನೇನೂ ಹಾಕಿರಲಿಲ್ಲ. ಒಳಗಿನ ಸಿಟ್ಟು ಕಾಗದದ ಮೇಲೆ ಇಳಿದದ್ದರಿಂದ ಇಂಟರ್‌ವ್ಯೂನಲ್ಲಿ ಹಳೆಯ ಕಂಪನಿಯ ಮಾತು ಬಂದಾಗ ಅದು ಮುಖದ ಮೇಲೆ ಕಾಣಿಸಿಕೊಳ್ಳಲಿಲ್ಲ ಎಂಬುದು ಒಂದು ಊಹೆ. ನನಗೆ ಅದು ಸರಿಯೆನಿಸುತ್ತದೆ. ಬರೆದದ್ದನ್ನು ಯಾರಿಗೂ ತೋರಿಸಬೇಕಾಗಿಲ್ಲ, ಹರಿದು ಹಾಕಬಹುದು.

ಮನೆಯವರ ವಿಷಯಕ್ಕೆ ಬಂದರೆ ನಮ್ಮ ಕಡೆಯ ಕಥೆಯೇ ಬೇರೆ. ಹಾವೇರಿ ಹತ್ತಿರದ ನನ್ನೂರಿನಿಂದ ಅವ್ವ ದಿನಾ ಸಂಜೆ ಏಳಕ್ಕೆ ಫೋನ್ ಮಾಡುತ್ತಿದ್ದಳು. 'ಊಟ ಆತೇನು ತಮ್ಮಾ?' ಮೊದಲ ಪ್ರಶ್ನೆ. ಎರಡನೆಯದು ಬರುವ ಮೊದಲು ಒಂದು ಸಣ್ಣ ಮೌನ, ಆ ಮೌನದಲ್ಲೇ ನನ್ನ ಹೊಟ್ಟೆ ಕಿವುಚುತ್ತಿತ್ತು. 'ಏನರೆ ಸುದ್ದಿ ಬಂತೇನು?' ಅವಳದು ಅಕ್ಕರೆ, ನನಗೆ ಅದು ವಿಚಾರಣೆ. ಕಡೆಕಡೆಗೆ ಫೋನ್ ಸೈಲೆಂಟ್‌ಗೆ ಹಾಕಿ ಆರೂಮುಕ್ಕಾಲಿಗೇ ಹೊರಗೆ ಹೋಗಿಬಿಡುತ್ತಿದ್ದೆ. ಒಂದು ಭಾನುವಾರ ಧೈರ್ಯ ಮಾಡಿ ಹೇಳಿದೆ: 'ಅವ್ವಾ, ಪ್ರತಿ ಐತವಾರ ನಾನ ಫೋನ್ ಮಾಡಿ ವಾರದಾಗ ಏನೇನ್ ಆತು ಎಲ್ಲಾ ಹೇಳ್ತೀನಿ. ನಡುವ ಕೆಲಸದ ಮಾತ್ ಬ್ಯಾಡ. ಉಳಿದದ್ದು ಏನ್ ಬೇಕಾದ್ರೂ ಮಾತಾಡು.' ಅವಳಿಗೆ ಮೊದಲು ಬೇಜಾರಾಯಿತು. ಮರುದಿನ ಏಳಕ್ಕೆ ಫೋನ್ ಬಂತು, ಎಮ್ಮೆ ಕರು ಹಾಕಿದ್ದು, ಪಕ್ಕದ ಮನೆಯ ನಿಶ್ಚಿತಾರ್ಥ, ಗೋವಿನಜೋಳದ ರೇಟು. ನಾನು ಮತ್ತೆ ಫೋನ್ ಎತ್ತತೊಡಗಿದೆ. ಮುಚ್ಚಿಡುವುದಕ್ಕಿಂತ ಹೀಗೆ ಒಂದು ದಿನ ಗೊತ್ತು ಮಾಡುವುದು ಒಳ್ಳೆಯದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಕೆಲಸ ಹೋದದ್ದನ್ನೇ ಮನೆಯಲ್ಲಿ ಹೇಳದೆ ದಿನಾ ಬ್ಯಾಗ್ ಹಿಡಿದು ಹೊರಟು ಪಾರ್ಕಿನಲ್ಲಿ ಕೂರುವವರನ್ನು ನಾನು ಬಲ್ಲೆ. ಆ ನಾಟಕ ಹೊರುವ ಭಾರ ನಿರುದ್ಯೋಗಕ್ಕಿಂತ ದೊಡ್ಡದು.

ಹೆಣ್ಣುಮಕ್ಕಳ ಹುಡುಕಾಟದ ಬಗ್ಗೆ ಪ್ರತ್ಯೇಕ ಹೇಳಲೇಬೇಕು. ಮಾರಿಯೆಂಟಾಲ್‌ನ ಹೆಂಗಸರ ನಡಿಗೆ ಚುರುಕಾಗಿತ್ತು ನಿಜ, ಹಾಗಂತ ಅವರು ನೆಮ್ಮದಿಯಾಗಿರಲಿಲ್ಲ. ಗಿರಣಿ ತೆರೆದರೆ ಮನೆಗೆಲಸದ ಮೇಲೆ ಅದನ್ನೂ ಹೊತ್ತು ಮಾಡುತ್ತೇವೆ ಎಂದು ಹಲವರು ಹೇಳಿದ್ದರು, ಅಲ್ಲಿ ಜನ ಸಿಗುತ್ತಿದ್ದರಲ್ಲ ಎಂದು. ನಮ್ಮಲ್ಲಿ ಮದುವೆ, ಹೆರಿಗೆ ಆದ ಮೇಲೆ ಮತ್ತೆ ಕೆಲಸ ಹುಡುಕುವವಳಿಗೆ 'ಹೇಗೂ ಮನೇಲೇ ಇದ್ದೀಯಲ್ಲ' ಎಂಬ ಒಂದು ಮಾತಿನಲ್ಲಿ ಇಡೀ ದಿನ ಹೋಗುತ್ತದೆ. ಗ್ಯಾಸ್ ಸಿಲಿಂಡರ್ ಬಂದರೆ ಅವಳು, ಮಗುವಿಗೆ ಜ್ವರ ಬಂದರೆ ಅವಳು. ಆನ್‌ಲೈನ್ ಇಂಟರ್‌ವ್ಯೂ ನಡುವೆ ಕುಕ್ಕರ್ ಕೂಗುತ್ತದೆ. ಅವಳ ಹುಡುಕಾಟಕ್ಕೆ ಮೊದಲು ಬೇಕಾದದ್ದು ಧ್ಯಾನ, ಪ್ರಾಣಾಯಾಮ ಯಾವುದೂ ಅಲ್ಲ, ಬಾಗಿಲು ಹಾಕಿಕೊಂಡು ಕೂರಲು ದಿನಕ್ಕೆ ಎರಡು ಗಂಟೆ, ಆ ಹೊತ್ತು ಮಗುವನ್ನು ನೋಡಿಕೊಳ್ಳುವ ಗಂಡನೋ ಅತ್ತೆಯೋ.

ದುಡ್ಡಿನ ಚಿಂತೆಗೆ ಚುಟುಕಾಗಿ: ಕೈಯಲ್ಲಿರುವುದು ಎಷ್ಟು ತಿಂಗಳಿಗೆ ಸಾಕು ಎಂದು ಕಾಗದದ ಮೇಲೆ ಲೆಕ್ಕ ಹಾಕಿ. ಲೆಕ್ಕ ಹಾಕದ ಭಯ ಲೆಕ್ಕ ಹಾಕಿದ ಭಯಕ್ಕಿಂತ ದೊಡ್ಡದು. ರಾಜ್ಯದ ಯುವನಿಧಿ ಯೋಜನೆಯಲ್ಲಿ ಅರ್ಹ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ ಎಂದಿದೆ. ನಿಯಮ ನೋಡಿ, ಸಲ್ಲುವುದಾದರೆ ಸಂಕೋಚವಿಲ್ಲದೆ ಪಡೆಯಿರಿ. ಕೆಲಸ ಕೊಡಿಸಲು ರಿಜಿಸ್ಟ್ರೇಷನ್ ಫೀಸು, ಲ್ಯಾಪ್‌ಟಾಪ್ ಡೆಪಾಸಿಟ್ಟು ಎಂದು ಯಾರಾದರೂ ಹಣ ಕೇಳಿದರೆ ಅದು ಮೋಸ ಎಂದೇ ತಿಳಿಯಿರಿ. ಹಣ ಹೋಗಿದ್ದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಮನಸ್ಸು ಕೈಗೆ ಸಿಗುವುದಿಲ್ಲ. ಬೇಸರಕ್ಕೂ ಕಾಯಿಲೆಗೂ ನಡುವಿನ ಗೆರೆ ಎಲ್ಲಿದೆ ಎಂದು ಬಹಳ ಜನ ಕೇಳುತ್ತಾರೆ. ವೈದ್ಯರು ನೋಡುವುದು ಹೀಗೆ: ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಮನಸ್ಸು ಮಂಕಾಗಿರುವುದು ಅಥವಾ ಮೊದಲು ಖುಷಿ ಕೊಡುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು. ಅದರ ಜೊತೆಗೆ ನಿದ್ದೆ ಹಸಿವು ಕೆಡುವುದು, ಸುಸ್ತು, ಓದಿದ್ದು ತಲೆಗೆ ಹತ್ತದಿರುವುದು, ನಾನು ಯಾತಕ್ಕೂ ಬಾರದವನು ಎಂಬ ಭಾವನೆ. ಹೀಗಿದ್ದರೆ ಡಾಕ್ಟರ ಹತ್ತಿರ ಹೋಗಬೇಕು, ಸಕ್ಕರೆ ಕಾಯಿಲೆಗೆ ಹೋಗುವ ಹಾಗೆಯೇ. ಸಾಯುವ ಯೋಚನೆ ಒಂದೇ ಒಂದು ಸಲ ಬಂದರೂ ಎರಡು ವಾರ ಕಾಯುವ ಮಾತಿಲ್ಲ, ಅವತ್ತೇ ಯಾರಿಗಾದರೂ ಹೇಳಬೇಕು. ಗೆಳೆಯನೊಬ್ಬ ಹಾಗೆ ಮಾತಾಡಿದರೆ ಅವನನ್ನು ಒಬ್ಬನೇ ಬಿಡಬೇಡಿ. ನೇರವಾಗಿ ಕೇಳಿದರೆ ತಲೆಗೆ ಆ ಯೋಚನೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ಬೇಡ, ಕೇಳಿದ್ದಕ್ಕೆ ಎದೆ ಹಗುರವಾಯಿತು ಅನ್ನುವವರೇ ಹೆಚ್ಚು.

ಇದಕ್ಕೆಲ್ಲ ಬೆಂಗಳೂರಿನ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಹೋಗಲೇಬೇಕೆಂದಿಲ್ಲ. ಜಿಲ್ಲೆಯಲ್ಲೇ ಮಾನಸಿಕ ಚಿಕಿತ್ಸೆ ಸಿಗಬೇಕು ಎಂಬ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿದ್ದು ನಮ್ಮ ಬಳ್ಳಾರಿಯಲ್ಲೇ. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ ಯಾವ ದಿನ, ಯಾವ ಹೊತ್ತು ಎಂದು ವಿಚಾರಿಸಿಕೊಂಡು ಹೋಗಿ. ಹೋಗಲು ಕಾಲು ಏಳದಿದ್ದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ: 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು, ದಿನದ 24 ಗಂಟೆ, ಉಚಿತ. ಕನ್ನಡದಲ್ಲೇ ಮಾತಾಡಬಹುದು. ಫೋನ್ ಹಿಡಿದು ಏನು ಹೇಳಬೇಕು ಎಂದು ತೋಚದೆ ಕಟ್ ಮಾಡಿದವರು ಬಹಳ ಜನ. ಏನೂ ಜೋಡಿಸಿಕೊಂಡು ಹೇಳಬೇಕಾಗಿಲ್ಲ. 'ಎಂಟು ತಿಂಗಳಿಂದ ಕೆಲಸ ಹುಡುಕ್ತಾ ಇದ್ದೀನಿ, ರಾತ್ರಿ ನಿದ್ದೆ ಬರ್ತಿಲ್ಲ' ಅಂದರೆ ಸಾಕು, ಮುಂದಿನ ಪ್ರಶ್ನೆಯನ್ನು ಅವರೇ ಕೇಳುತ್ತಾರೆ.